ಗೇಣು ಬುಡ

ನಕ್ಷೆಯಲ್ಲಿ ಅದು ಪಾರ್ಕು, ಹಸಿರು ಬಳಿದ ಚೌಕ.
ನೆಲದ ಮೇಲೆ ಜಲ್ಲಿ, ಒಡೆದ ಕಮೋಡು,
ಟ್ರಾನ್ಸ್‌ಫಾರ್ಮರಿನ ಗುಂಯ್ ಸದ್ದು,
ಬಿಲ್ಲು ಪಾಸಾದ ಆರು ತಿಂಗಳಿಗೆ ಸತ್ತ
ಲಾನಿನ ಬೋಳು ಚಾಪೆ.

ಕೋಲಾರದಲ್ಲಿ ಎತ್ತ ತಿರುಗಿದರೂ ಬೆಟ್ಟ ಕಣ್ಣಿಗೆ ಬೀಳುತ್ತದೆ.
ನಮ್ಮ ಬಡಾವಣೆಯ ಸಿಂಟೆಕ್ಸ್ ಟ್ಯಾಂಕುಗಳ ಹಿಂದೆ
ಅಂತರಗಂಗೆಯ ಬಂಡೆಗಳು ಬೆನ್ನು ಕಾಯಿಸುತ್ತ ಕೂತಿರುತ್ತವೆ.
ಮೂರನೇ ಅಡ್ಡರಸ್ತೆಯ ಟೈಲರ್ ಮುಬೀನಾ
ಹಲ್ಲಲ್ಲಿ ಸೂಜಿ ಕಚ್ಚಿಕೊಂಡೇ ಕೇಳಿದಳು:
ಅಲ್ಲಿಗೆ ಟ್ಯಾಂಕರ್ ಹೋಗಲ್ಲ, ಮೇಷ್ಟ್ರೇ,
ಆದರೂ ಹಸಿರಾಗಿದೆಯಲ್ಲ, ಅದೇನು?

ಮೂವತ್ತು ವರ್ಷ ಭೂಗೋಳ ಹೇಳಿಕೊಟ್ಟವನು ನಾನು.
‘ಕುರುಚಲು ಕಾಡು’ ಎಂದೆ.
ಅದು ಒಂದು ಅಂಕದ ಉತ್ತರ.

ಉಳಿದ ಅಂಕಗಳಿಗೆ ಭಾನುವಾರಗಳು ಬೇಕಾದವು.
ಐದೇ ಜನ, ಒಂದು ಹಾರೆ.
ತಪ್ಪಲಿನಲ್ಲಿ ಒಣಕಾಯಿ ಬಿಡಿಸಿ ಜೇಬಿಗೆ ತುಂಬಿದೆವು,
ಹಾಲಿನ ಕವರಿನಲ್ಲಿ ಬಿತ್ತಿದೆವು,
ತಾರಸಿಯಲ್ಲಿ ಒಗೆದ ಸೀರೆಗಳ ನೆರಳು ಸರಿದಂತೆಲ್ಲ
ಕವರುಗಳನ್ನೂ ಸರಿಸಿದೆವು.
ಅರ್ಧ ಮೊಳೆಯಲಿಲ್ಲ. ಕಾಲುಭಾಗ ಇಲಿಗೆ.
ಉಳಿದದ್ದನ್ನು ಮೊದಲ ಮಳೆಗೆ ನೆಟ್ಟೆವು.

ಉರಿಗಾಮಿನಿಂದ ಬಂದ ಸೆಲ್ವಿಯ ಮಗ ಅಮುದನ್
ಎಣ್ಣೆಡಬ್ಬಿಯ ತಗಡು ಕತ್ತರಿಸಿ ಬೋರ್ಡು ಮಾಡಿದ.
ಬರೆಯುವುದೇನು? ಫೋನು ಹೇಳಿದ್ದು ಲ್ಯಾಟಿನ್.
ಬಾಯಿಗೆ ಬಾರದ ಹೆಸರನ್ನು
ಗಿಡದ ಕೊರಳಿಗೆ ಹೇಗೆ ಕಟ್ಟುವುದು?
ಬೋರ್ಡುಗಳು ಖಾಲಿಯೇ ನಿಂತವು.

ಸಂಘದ ಅಧ್ಯಕ್ಷ ಸೊಣ್ಣೇಗೌಡರಿಗೆ ಲಾನ್ ಬೇಕಿತ್ತು.
‘ಸೈಟು ತಗೊಂಡಿದ್ದು ಪೊದೆ ನೋಡೋಕಾ?
ಹಾವು ಬಂದ್ರೆ ಯಾರು ಜವಾಬ್ದಾರಿ?’

ಆಷಾಢದ ಒಂದು ಬೆಳಿಗ್ಗೆ ಹೋಗಿ ನೋಡಿದರೆ
ಎಲ್ಲ ನೆಲಸಮ.
ಮುಬೀನಾ ಮಾತಾಡಲಿಲ್ಲ, ಕವಲೊಂದನ್ನು ಎತ್ತಿ
ಬಟ್ಟೆ ಅಳೆಯುವಂತೆ ಅಳೆದು ಕೆಳಗಿಟ್ಟಳು.

ಮಚ್ಚು ಸೆರಗಿಗೆ ಒರೆಸಿಕೊಳ್ಳುತ್ತ
ನಗರಸಭೆಯ ಪಿಳ್ಳಮ್ಮ ಬಂದಳು.
‘ಕಳೆ ಕೀಳು ಅಂದ್ರು ಸಾಮಿ.
ಮಾತು ಅವರ್ದು, ಮಚ್ಚು ನಂದು.
ನಾನು ಕಿತ್ತಿಲ್ಲ, ಕೊಯ್ದಿವ್ನಿ.
ಬಗ್ಗಿ ನೋಡಿ, ಗೇಣು ಗೇಣು ಬುಡ ಬಿಟ್ಟಿವ್ನಿ.
ಇದು ತಂಗೇಡು. ಕೊಯ್ದಷ್ಟೂ ಕವಲು.
ನಮ್ ತಾತ ಇದರ ತೊಗಟೇಲಿ ತೊಗಲು ಹದ ಮಾಡ್ತಿದ್ದ.
ಊರೆಲ್ಲ ಮೂಗು ಮುಚ್ಕೊಂತಿತ್ತು,
ಚಪ್ಪಲಿ ಮಾತ್ರ ಹಾಕ್ಕೊಂತಿತ್ತು.’

ಬಗ್ಗಿದೆವು.
ಮಣ್ಣಿನ ಬಣ್ಣದ ಮೋಟುಗಳು,
ಓರೆ ಕೊಯ್ತದ ಮೇಲೆ ಇನ್ನೂ ಹಸಿ ತೇವ.

ಅವಳು ಸಾಲು ಹಿಡಿದು ನಡೆದಳು,
ಅಮುದನ್ ಹಿಂದೆಯೇ ಬಣ್ಣದ ಡಬ್ಬಿ ಹಿಡಿದು.
ಲಕ್ಕಿ, ಎಲೆ ತಲೆದಿಂಬಿಗೆ ಆಯ್ತದೆ.
ಬಂದರಿಕೆ, ಬಾಣಂತಿ ನೀರು ಕಾಯಿಸೋಕೆ ಸೌದೆ.
ಕವಳಿ, ಹಣ್ಣಾದಾಗ ಕರೀರಿ ನನ್ನ.
ಹೊಂಗೆ ನಿಮಗೂ ಗೊತ್ತಲ್ಲ, ಅದನ್ನೂ ಹೇಳ್ಬೇಕಾ?
ಹತ್ತನೆಯ ಮೋಟಿನ ಮುಂದೆ ನಿಂತಳು.
ಎಲೆ ಹೊಸಕಿದಳು, ಮೂಸಿದಳು, ಮತ್ತೆ ಮೂಸಿದಳು.
‘ಇದು ನಮ್ಮವ್ವನಿಗೆ ಗೊತ್ತಿತ್ತು.’

ಆ ಬೋರ್ಡು ಇಂದಿಗೂ ಖಾಲಿ.
ಮುಂದಿನ ಮಳೆಗೆ ಆ ಗಿಡ ಎಲ್ಲಕ್ಕಿಂತ ಎತ್ತರ.

ಕಾರ್ತಿಕ ಬಂತು. ಟ್ರಾನ್ಸ್‌ಫಾರ್ಮರಿನ ಬೇಲಿಯುದ್ದಕ್ಕೂ
ತಂಗಡಿ ಹಳದಿ, ಕಣ್ಣು ಕಿರಿದು ಮಾಡಿ ನೋಡಬೇಕು.
ಬೆಳಿಗ್ಗೆ ಐದೂವರೆಗೆ ಮಂಕಿ ಕ್ಯಾಪ್ ಎಳೆದುಕೊಂಡು
ಪ್ಲಾಸ್ಟಿಕ್ ಕವರು ಹಿಡಿದು ಸೊಣ್ಣೇಗೌಡರು.
ಹೂವಿನ ಕಷಾಯ ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು
ಅವರಿಗೆ ಯಾರು ಹೇಳಿದರೋ, ನಾವು ಕೇಳಲಿಲ್ಲ.
ಕಂಡೂ ಕಾಣದಂತೆ ನಡೆದೆವು.

ಪಿಳ್ಳಮ್ಮ ನಡೆಯಲಿಲ್ಲ.
ಪೊರಕೆ ನೆಲಕ್ಕೂರಿ ನಿಂತು ಕೂಗಿದಳು:
‘ಅಷ್ಟೂ ಕೀಳಬೇಡಿ ಗೌಡ್ರೇ,
ಬೀಜಕ್ಕೆ ಒಂದಿಷ್ಟು ಬಿಡಿ.’